ಎರಿಬೆರ್ತೊ ಮೇಷ್ಟರ ಕೋಟಿನ ಗುಂಡಿಗಳು

ಎರಿಬೆರ್ತೊ ಮೇಷ್ಟರನ್ನು ಅರ್ಥಮಾಡಿಕೊಳ್ಳಲು ಅವರ ಕಂದು ಕೋಟಿನ ಗುಂಡಿಗಳನ್ನು ನೋಡಬೇಕಿತ್ತು: ಬಿಚ್ಚಿದ್ದರೆ ಅವರು ಮೇಷ್ಟರು, ಹಾಕಿದ್ದರೆ ಇಂಗ್ಲಿಷೊಂದನ್ನೇ ಬಲ್ಲ ಅಪರಿಚಿತ. ಕುಯೆಂಕಾ ಊರಿನ ಆ ಸಂಜೆಯ ಇಂಗ್ಲಿಷ್ ತರಗತಿಯಲ್ಲಿ ಔಷಧದಂಗಡಿಯ ನಾನು, ಟೋಪಿ ಮಾರುವ ರೊಸೌರಾ, ಇನ್ನೂ ಹತ್ತು ಮಂದಿ, ನಮ್ಮೂರಲ್ಲಿ ನೆಲೆಸಿದ ನಿವೃತ್ತ ಅಮೆರಿಕನ್ನರನ್ನು ವಿನಯದಿಂದ ಕೇಳಿಕೊಳ್ಳುವ ವಿದ್ಯೆಯನ್ನು ಆಟವಾಡಿ ಕಲಿಯುತ್ತಿದ್ದೆವು. ಮೇಷ್ಟರು ಕೂತ ಕುರ್ಚಿ ಒಮ್ಮೆ ಬ್ಯಾಂಕು, ಮರುಗಳಿಗೆ ವಿಮಾನ. ನಿಯಮ ಒಂದೇ: ಕೇಳಿಸಿಕೊಂಡವರು ಎರಡು ಸಲ 'ಆಗುವುದಿಲ್ಲ' ಎನ್ನಬೇಕು, ಕೇಳುವವರು ಮುನಿಯದೆ ಇನ್ನಷ್ಟು ಮೃದುವಾಗಿ ಕೇಳಬೇಕು.

"ನನ್ ಗಂಡನ ಹತ್ರಾನೂ ಇಷ್ಟು ಗೋಗರೆದಿಲ್ಲ ಮೇಷ್ಟ್ರೇ!" ಎಂದು ರೊಸೌರಾ ರೇಗಿಸಿದರೆ, "ಅದಕ್ಕೇ ಕಣಮ್ಮಾ ಅವ್ನು ನಿನ್ ಮಾತು ಕೇಳಲ್ಲ" ಎನ್ನುತ್ತಿದ್ದರು. ಸ್ವಂತಕ್ಕೆ ಮಾತ್ರ ಅವರು ಯಾರಲ್ಲೂ ಒಂದು ಲೋಟ ನೀರು ಕೇಳಿದ್ದನ್ನು ನಾನು ಕಾಣೆ.

ಒಂದು ಜೂನ್ ಸಂಜೆ, ಪಾಠ ಮುಗಿದ ಮೇಲೆ, ಅವರು ಬಾಗಿಲಲ್ಲಿ ನಿಂತು, ಒಂದರ ತೂತಿಗೆ ಇನ್ನೊಂದು ಗುಂಡಿ ಸೇರಿಸುತ್ತ, ಇಂಗ್ಲಿಷಿನಲ್ಲಿ ಕೇಳಿದರು: "ತಮಗೆ ತೊಂದರೆಯಾಗದಿದ್ದಲ್ಲಿ, ತೋದೋಸ್ ಸಾಂತೋಸ್ ಕೇರಿಗೆ ದಾರಿ ತೋರಿಸುವಿರಾ?"

ಅದು ಅವರು ಹುಟ್ಟಿ ಬೆಳೆದ, ಆಗಲೂ ಒಂಟಿಯಾಗಿ ಬಾಳುತ್ತಿದ್ದ ಕೇರಿ. ಹೊಸ ಆಟವೆಂದುಕೊಂಡು ನಾವು ಒಕ್ಕೊರಲಿನಿಂದ 'ಆಗುವುದಿಲ್ಲ' ಎಂದೆವು. ಅವರು ಇನ್ನೂ ಮೆತ್ತಗೆ ಕೇಳಿದರು. ಮತ್ತೆ ಆಗುವುದಿಲ್ಲವೆಂದು ನಕ್ಕೆವು. ಮೂರನೆಯ ಸಲ ರೊಸೌರಾ ಪುಸ್ತಕ ಓದಿದಂತೆ ಒಪ್ಪಿಸಿದಳು: ಬಾಗಿಲು ದಾಟಿ ಎಡಕ್ಕೆ, ಆಮೇಲೆ ಮೂರು ಅಡ್ಡರಸ್ತೆ ನೇರ. ಮೇಷ್ಟರು ತಲೆಬಾಗಿ ವಂದಿಸಿ, ಬಲಕ್ಕೆ ತಿರುಗಿ ಹೋದರು.

"ಏನೇ, ಇವ್ರ ನಾಟಕ ಇನ್ನೂ ಮುಗೀಲಿಲ್ವಾ?" ಎಂದಳು ಅವಳು.

ನನಗೂ ತಿಳಿಯಲಿಲ್ಲ. ನಗುತ್ತಲೇ ಹಿಂಬಾಲಿಸಿದೆ. ಹೂವಿನಂಗಡಿಗಳ ಮುಂದೆ ಅವರು ನಾಲ್ಕು ದಿಕ್ಕನ್ನೂ ನೋಡುತ್ತ ನಿಂತದ್ದು ಕಂಡಾಗ ನಗು ಬತ್ತಿತು; ಹತ್ತಿರ ಹೋದೆ.

"ಬನ್ನಿ ಮೇಷ್ಟ್ರೇ, ಮನೆಗೆ ಬಿಡ್ತೀನಿ."

"ಬೇಡ. ನಂಗೇನಾಗಿದೆ?"

ಮತ್ತೆ ಕರೆದೆ, ಮತ್ತೆ ಬೇಡವೆಂದರು. ಆಗ ಆ ಅಡ್ಡಾದಿಡ್ಡಿ ಗುಂಡಿಗಳನ್ನು ನೋಡುತ್ತ, ಅವರೇ ಕಲಿಸಿದ ಇಂಗ್ಲಿಷಿನಲ್ಲಿ ಕೇಳಿದೆ: "ತಮ್ಮೊಡನೆ ನಾನೂ ನಡೆದು ಬರಲು ದಯಮಾಡಿ ಅನುಮತಿ ಕೊಡುವಿರಾ?"

"ಈಗ ಸರಿಯಾಯ್ತು ನೋಡು" ಎಂದು ನನ್ನ ತೋಳು ಹಿಡಿದರು. ಮನೆಯ ಬಾಗಿಲು ಬರುವವರೆಗೂ ಆ ಹಿಡಿತ ಸಡಿಲಾಗಲಿಲ್ಲ.

ನನ್ನನ್ನು ಪರೀಕ್ಷಿಸಿದರೋ, ದಾರಿಯನ್ನೇ ಮರೆತಿದ್ದರೋ, ಇಂದಿಗೂ ನನಗೆ ಗೊಂದಲವೇ. ಕೇಳಿಕೊಳ್ಳುವುದನ್ನು ಊರಿಗೆಲ್ಲ ಕಲಿಸುವ ಜನ ಬಹುಶಃ ಹೀಗೆಯೇ: ತಮಗೆ ಬೇಕಾದದ್ದನ್ನು ಪಾಠವೆಂಬಂತೆ ಕೇಳುತ್ತಾರೆ, ನಾವು ಸರಿಯುತ್ತರ ಹೇಳಿ ಮನೆಗೆ ಹೋಗುತ್ತೇವೆ.