ಎರಡು ಬೆರಳು ಗಿಡ್ಡವಾದ ಪ್ಯಾಂಟು

ಒಂದೇ ವಾರದಲ್ಲಿ ಮೂರನೆಯ ಪ್ಯಾಂಟು ಟೈಲರ್ ಅಂಗಡಿಗೆ ವಾಪಸು ಬಂತು. ಮೂರೂ ಎರಡು ಬೆರಳು ಗಿಡ್ಡ. ಮೂರನೆಯದನ್ನು ತಂದ ಮೇಷ್ಟ್ರು ಜಗಳವಾಡಲಿಲ್ಲ. "ಕಣ್ಣು ಮಂಜಾಗಿದ್ರೆ ತೋರಿಸ್ಕೊಳ್ಳಿ" ಎಂದು ಮೆಲ್ಲಗೆ ಹೇಳಿ ಹೋದರು. ಟೈಲರ್ ತಲೆ ಎತ್ತಲಿಲ್ಲ. ನಾಲ್ಕು ಮಾತು ಬೈದಿದ್ದರೆ ವಾಸಿಯಿತ್ತು.

ಅವರ ಕಣ್ಣಿಗೇನೂ ಆಗಿರಲಿಲ್ಲ. ಮೂವತ್ತೈದು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತ ಕಾಲುಗಳಲ್ಲಿ ಕಸುವು ಉಳಿದಿರಲಿಲ್ಲ. ತಿಂಗಳ ಹಿಂದೆ ಕಾಲಿನ ಅಳತೆಗೆಂದು ಕುಕ್ಕರಗಾಲಲ್ಲಿ ಕೂತವರು ಏಳಲಾರದೆ ಹೋದರು. ಗಿರಾಕಿಯೇ ರಟ್ಟೆ ಹಿಡಿದು ಎಬ್ಬಿಸಿದರು. ಅಂದಿನಿಂದ ಬಗ್ಗುವುದನ್ನೇ ಬಿಟ್ಟು, ಸೊಂಟದ ಅಳತೆ ಹಿಡಿದು, ಕಾಲಿನುದ್ದವನ್ನು ಅಂದಾಜಿನಲ್ಲಿ ಬರೆದುಕೊಳ್ಳತೊಡಗಿದರು.

ಇನ್ನೊಂದು ಗುಟ್ಟೂ ಇತ್ತು. ಹತ್ತು ಕಿಲೋದ ಎರಡು ಡಂಬೆಲ್ ತಂದು ಬಟ್ಟೆಚೂರಿನ ಮೂಟೆಯಲ್ಲಿ ಬಚ್ಚಿಟ್ಟಿದ್ದರು. ಎತ್ತಲು ಹೋದ ಮೊದಲ ದಿನವೇ ಸೊಂಟ ಹಿಡಿದುಕೊಂಡಿತ್ತು.

ಮೂರನೆಯ ಪ್ಯಾಂಟು ವಾಪಸು ಬಂದ ದಿನ ಅಂಗಡಿಯ ಕಸ ಗುಡಿಸುತ್ತಿದ್ದ ಹೆಂಡತಿ ಮೂಟೆ ಸರಿಸಹೋದರೆ ಅದು ಮಿಸುಕಲಿಲ್ಲ.

"ಏನ್ರೀ ಇದು, ಬಟ್ಟೆಚೂರೋ ಗುಂಡುಕಲ್ಲೋ?" ಎಂದು ಗಂಟು ಬಿಚ್ಚಿ ನಕ್ಕರು. "ಮೊಮ್ಮಕ್ಕಳಾದ ಮೇಲೆ ಪೈಲ್ವಾನ್ ಆಗ್ತೀರಾ?"

ಟೈಲರ್ ಅಕ್ಕನ ಮಗಳು ಅಲ್ಲೇ ಇದ್ದಳು. ಆಸ್ಪತ್ರೆಯಲ್ಲಿ ರೋಗಿಗಳಿಗೆ ವ್ಯಾಯಾಮ ಕಲಿಸುವವಳು. ಸಮವಸ್ತ್ರ ಸಡಿಲ ಮಾಡಿಸಿಕೊಳ್ಳಲು ಬಂದಿದ್ದಳು. ಅವಳು ನಗಲಿಲ್ಲ. ಇಷ್ಟು ಭಾರದ್ದನ್ನು ಯಾಕೆ ತಂದಿರಿ ಎಂದು ಕೇಳಿದಳು. ಅಂಗಡಿಯವನು ಗಂಡಸರಿಗೆ ಇದೇ ಸರಿ ಅಂದ ಎಂದು ಟೈಲರ್ ಗೊಣಗಿದರು.

"ಮಾವ, ಅಳತೆ ತೆಗೀದೆ ಯಾರಾದ್ರೂ ಬಟ್ಟೆ ಕತ್ತರಿಸ್ತಾರಾ?"

ಆ ಮಾತು ಸೂಜಿಯಂತೆ ನಾಟಿತು. "ನಾನು ಕತ್ತರಿಸ್ತಿದ್ದೀನಮ್ಮ" ಎಂದರು ಟೈಲರ್. "ಬಗ್ಗಿದ್ರೆ ಏಳಕ್ಕಾಗಲ್ಲ."

ಹೆಂಡತಿಯ ನಗು ಅಲ್ಲೇ ನಿಂತಿತು.

ಅಕ್ಕನ ಮಗಳು ಗೋಡೆಗೆ ಒತ್ತಿ ಒಂದು ಕುರ್ಚಿ ಇಟ್ಟಳು. ಕೈ ಊರದೆ ಕೂತು ಏಳುವುದೇ ಮೊದಲ ಪಾಠ. ಇದಕ್ಕೆ ಏನೂ ಕೊಳ್ಳಬೇಕಿಲ್ಲ ಎಂದಳು. ಭಾರ ಆರಿಸುವುದನ್ನೂ ಹೇಳಿಕೊಟ್ಟಳು. ಉಸಿರು ಬಿಗಿಹಿಡಿಯದೆ ಹತ್ತು ಸಲ ಎತ್ತಲು ಬರಬೇಕು, ಕೊನೆಯ ಎರಡು ಸಲ ಮಾತ್ರ ತುಸು ಕಷ್ಟವಾಗಬೇಕು. ಅದೇ ನಿಮ್ಮ ಅಳತೆ. ಬೇಕಿದ್ದರೆ ವ್ಯಾಯಾಮದ ರಬ್ಬರ್ ಪಟ್ಟಿ ಒಂದು ಸಾಕು, ಅದೂ ಸುಲಭವಾಗಿ ಜಗ್ಗುವಂಥದ್ದು.

"ಅಂಗಡಿ ತುಂಬ ಇಲಾಸ್ಟಿಕ್ ಇದೆ, ಪಟ್ಟಿ ಬೇರೆ ಯಾಕೆ?" ಎಂದರು ಹೆಂಡತಿ.

"ಅದು ಲಂಗಕ್ಕೆ ಸರಿ ಅತ್ತೆ. ಜಗ್ಗಿದ್ರೆ ಕಿತ್ಕೊಂಡು ಮುಖಕ್ಕೆ ಹೊಡೆಯುತ್ತೆ. ಕೊಂಡ ಪಟ್ಟೀನೂ ಬಿರುಕು ಬಿಟ್ಟಿದ್ಯಾ ಅಂತ ದಿನಾ ನೋಡ್ಬೇಕು. ಎತ್ತೋ ಭಾರಕ್ಕೆ ಮರಳು ತುಂಬಿದ ಚೀಲ ಸಾಕು, ಅದನ್ನ ಹೊಲಿಯೋದು ಮಾವಂಗೆ ನಾನು ಹೇಳ್ಕೊಡ್ಬೇಕಾ?"

ಟೈಲರ್ ದಪ್ಪ ಬಟ್ಟೆಗೆ ಎರಡು ಸಾಲು ಹೊಲಿಗೆ ಹಾಕಿ, ಒಂದೊಂದು ಕಿಲೋದ ಎರಡು ಚೀಲ ಮಾಡಿದರು. ದಿನ ಬಿಟ್ಟು ದಿನ ಗಂಡ ಹೆಂಡತಿ ಇಬ್ಬರೂ ಕುರ್ಚಿಯಲ್ಲಿ ಕೂತೆದ್ದು, ಚೀಲ ಎತ್ತಿದರು. ಒಂದು ಡಂಬೆಲ್ ಬಾಗಿಲು ಮುಚ್ಚದಂತೆ ಒತ್ತಾಗಿ ಕೂತಿತು. ಒಳಬರುವಾಗಲೆಲ್ಲ ಅದನ್ನು ಕಂಡು ಟೈಲರ್ ಮುಖ ಚಿಕ್ಕದಾಗುತ್ತಿತ್ತು.

ಮೂರು ತಿಂಗಳು ಕಳೆದು ಮೇಷ್ಟ್ರು ಹೊಸ ಬಟ್ಟೆ ತಂದರು. ಟೈಲರ್ ನೆಲಕ್ಕೆ ಕೂತು, ಹಿಮ್ಮಡಿಯವರೆಗೆ ಟೇಪು ಹಿಡಿದು, ಮೇಜಿನ ಅಂಚಿಗೆ ಒಂದು ಕೈ ಕೊಟ್ಟು ತಾವೇ ಎದ್ದರು.

"ಮೇಷ್ಟ್ರೇ, ಅವತ್ತು ಕೆಟ್ಟಿದ್ದು ಕಣ್ಣಲ್ಲ, ಕಾಲು. ನಾಚಿಕೆಗೆ ಸುಳ್ಳು ಅಳತೆ ಬರ್ಕೊಂಡೆ. ಈಗ ಕುರ್ಚಿಯಲ್ಲಿ ಕೂತೆದ್ದು, ಅಗೋ ಆ ಮರಳಿನ ಚೀಲ ಎತ್ತಿ ಸುಧಾರಿಸ್ಕೊಂಡೆ."

ಮೇಷ್ಟ್ರು ಸುತ್ತ ನೋಡಿ ದನಿ ತಗ್ಗಿಸಿದರು. "ಆ ಮರಳಿನ ಚೀಲ ನನಗೂ ಒಂದು ಜೊತೆ ಹೊಲ್ಕೊಡಿ. ಶಾಲೇಲಿ ಯಾರಿಗೂ ಹೇಳ್ಬೇಡಿ."

ನೀವೂ ಹೀಗೇ ಮುಚ್ಚಿಟ್ಟುಕೊಂಡಿದ್ದೀರಾ? ಏಳಲು ಕಷ್ಟವಾದರೆ ಮನೆಯವರಿಗೆ ಹೇಳಿ. ಎದೆನೋವು, ರಕ್ತದೊತ್ತಡ, ಮಂಡಿನೋವು ಇದ್ದರೆ ಮೊದಲು ವೈದ್ಯರನ್ನು ಕೇಳಿ. ದೊಡ್ಡ ಸಾಮಾನು ಕೊಳ್ಳುವ ಮುಂಚೆ ನಿಮ್ಮ ಶಕ್ತಿಯ ಅಳತೆ ತೆಗೆಯಿರಿ. ಈಗ ಕೂತಿರುವ ಕುರ್ಚಿಯಿಂದಲೇ, ಕೈ ಊರದೆ, ಒಮ್ಮೆ ಎದ್ದು ನೋಡಿ.