ಅರ್ಧ ಅಡಿ ವಿನಯ

ನಮ್ಮ ಮನೆಯ ಬಾಗಿಲು ಐದೂವರೆ ಅಡಿ ಎತ್ತರ ಇದೆ. ಇರಬೇಕಾದದ್ದು ಆರು ಅಡಿ. ಆ ಅರ್ಧ ಅಡಿಯ ಕೊರತೆಯಲ್ಲಿ ಮನುಷ್ಯನ ಅಹಂಕಾರ ಕಳಚಿ ಬೀಳುತ್ತದೆ ಎಂದು ಎದುರುಮನೆಯ ಮೇಷ್ಟ್ರು ಹೇಳುತ್ತಾರೆ. ಅಹಂಕಾರ ಕಳಚಿದ್ದನ್ನು ನಾನು ಕಂಡಿಲ್ಲ, ಹಣೆ ಊದಿದ್ದನ್ನು ಮಾತ್ರ ಹನ್ನೆರಡು ವರ್ಷದಿಂದ ಕಾಣುತ್ತಿದ್ದೇನೆ. ಅದಕ್ಕೆಂದೇ ಕಿಟಕಿಯಲ್ಲಿ ಒಂದು ಮುಲಾಮಿನ ಟ್ಯೂಬು ಇಟ್ಟಿದ್ದೇನೆ. ವರ್ಷಕ್ಕೆ ನಾಲ್ಕು ಖರ್ಚಾಗುತ್ತದೆ.

ನಾನು ದರ್ಜಿ. ಬಾಗಿಲ ಪಕ್ಕದಲ್ಲೇ, ಬೆಳಕು ಬೀಳುವ ಜಾಗದಲ್ಲಿ ನನ್ನ ಹೊಲಿಗೆ ಮಿಶನ್ನು. ಹಾಗಾಗಿ ಯಾರು ಎಷ್ಟು ಬಗ್ಗಿದರು, ಯಾರು ಅಗತ್ಯವಿಲ್ಲದೆಯೂ ಬಗ್ಗಿದರು, ಯಾರು ಬಗ್ಗಲು ಮರೆತು ಅಮ್ಮಾ ಎಂದರು, ಎಲ್ಲಕ್ಕೂ ನಾನೇ ಸಾಕ್ಷಿ. ನನ್ನ ಎತ್ತರ ಐದು ಅಡಿಗೆ ಒಂದು ಇಂಚು ಕಮ್ಮಿ. ಆ ಬಾಗಿಲಲ್ಲಿ ಒಂದು ದಿನವೂ ತಲೆ ತಗ್ಗಿಸದೆ ಓಡಾಡಿದವಳು ಈ ಮನೆಯಲ್ಲಿ ನಾನೊಬ್ಬಳೇ.

ನನ್ನ ಗಂಡ ಬಡಗಿ. ನನ್ನ ಅಣ್ಣ ಗಾರೆ ಮೇಸ್ತ್ರಿ. ಮನೆ ಕಟ್ಟುವಾಗ ಇದಕ್ಕಿಂತ ಅನುಕೂಲ ಇನ್ನೇನು ಬೇಕು ಎಂದು ಊರೆಲ್ಲ ಹೇಳಿತು. ಇವರು ಚೌಕಟ್ಟು ಮಾಡಿ ನಿಲ್ಲಿಸಿದರು, ಅಣ್ಣ ಗೋಡೆ ಕಟ್ಟಿ ಕೊನೆಗೆ ನೆಲ ಹಾಕಿದ. ನೆಲ ಒಣಗುವವರೆಗೂ ಇಬ್ಬರೂ ಒಂದೇ ಬೀಡಿಯಲ್ಲಿ ಅರ್ಧರ್ಧ ಸೇದುವಷ್ಟು ದೋಸ್ತಿ. ಒಣಗಿದ ದಿನ ಇವರು ಒಳಗೆ ಕಾಲಿಟ್ಟರು, ಹಣೆ ಠಣ್ ಎಂದಿತು.

"ನೆಲ ಅರ್ಧ ಅಡಿ ಎತ್ತರಿಸಿಬಿಟ್ಟಿದ್ದೀಯಲ್ಲ ಭಾವ!" ಎಂದರು ಇವರು.

"ನಾನು ದಾರ ಕಟ್ಟಿ ಮಟ್ಟ ನೋಡಿ ಹಾಕಿರೋ ನೆಲ ಇದು. ನಿನ್ನ ಚೌಕಟ್ಟೇ ಗಿಡ್ಡ" ಎಂದ ಅಣ್ಣ.

ಪರೀಕ್ಷೆ ಮಾಡಲು ಐದು ನಿಮಿಷದ ಕೆಲಸ. ಚೌಕಟ್ಟಿನ ಕಾಲು ನೆಲದೊಳಗೆ ಎಷ್ಟು ಹೂತಿದೆ ಎಂದು ಅಗೆದು ನೋಡಿದರೆ ತಪ್ಪು ಯಾರದೆಂದು ತಿಳಿಯುತ್ತಿತ್ತು. ಆದರೆ ನನ್ನ ನೆಲಕ್ಕೆ ಉಳಿ ತಾಗಿಸಿದರೆ ನೋಡು ಎಂದ ಅಣ್ಣ. ನನ್ನ ಚೌಕಟ್ಟು ಅಲುಗಾಡಿಸಿದರೆ ನೋಡು ಎಂದರು ಇವರು. ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ. ಮಾತಿಗೆ ಮಾತು ಬೆಳೆದು ಕೊನೆಗೆ ಅಣ್ಣ ತನ್ನ ಕರಣೆ, ಬಕೆಟ್ಟು ಎತ್ತಿಕೊಂಡು, "ಈ ಬಾಗಿಲಿಗೆ ತಲೆ ಬಗ್ಗಿಸಿ ನಾನು ಬರಲ್ಲ" ಎಂದು ಹೇಳಿ ಹೋದ. ಆರು ಅಡಿಯ ಆಳು. ಹೇಳಿದ್ದು ಹೇಳಿದ್ದೇ. ನಾನು ಅವನ ಮನೆಗೆ ಹೋಗುತ್ತೇನೆ, ಅತ್ತಿಗೆ ಇಲ್ಲಿಗೆ ಬರುತ್ತಾಳೆ, ಅವನು ಮಾತ್ರ ಬರಲಿಲ್ಲ. ಹೋದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾನೆ: "ನೆಲ ಬಿರುಕು ಬಿಟ್ಟಿದ್ಯಾ?" ಇಲ್ಲ ಎಂದರೆ ಎರಡು ತುತ್ತು ಜಾಸ್ತಿ ತಿನ್ನುತ್ತಾನೆ.

ಇನ್ನು ಬಾಗಿಲಿಗೆ ಅರ್ಥ ಬಂದದ್ದು ಹೇಗೆ ಎಂದು ಹೇಳಬೇಕು. ಗೃಹಪ್ರವೇಶದ ಮಾರನೆಯ ವಾರ ಎದುರುಮನೆಯ ನಿವೃತ್ತ ಮೇಷ್ಟ್ರು ಪ್ಯಾಂಟು ಚಿಕ್ಕದು ಮಾಡಿಸಲು ಬಂದು ತಲೆ ಹೊಡೆಸಿಕೊಂಡರು. ಇವರಿಗೆ ನಾಚಿಕೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು: "ಬೇಕಂತಲೇ ಗಿಡ್ಡ ಮಾಡಿದ್ದು ಮೇಷ್ಟ್ರೇ. ಮನೆಯೊಳಗೆ ಬರೋರು ತಲೆ ತಗ್ಗಿಸಿ ಬರ್ಲಿ ಅಂತ."

ಮೇಷ್ಟ್ರು ಹಣೆ ಉಜ್ಜಿಕೊಳ್ಳುವುದನ್ನು ಅಲ್ಲಿಗೇ ನಿಲ್ಲಿಸಿದರು. ಅವರ ಕಣ್ಣು ತುಂಬಿದ್ದು ನೋವಿಗೋ ಭಕ್ತಿಗೋ ನನಗೆ ಇವತ್ತಿಗೂ ಗೊತ್ತಿಲ್ಲ. "ದೇವರನ್ನ ಎಲ್ಲೆಲ್ಲೋ ಹುಡುಕಿದೆನಲ್ಲಾ" ಎಂದರು. "ಹೊರಗಿನ ಮನುಷ್ಯ ಸತ್ತು ಒಳಗಿನ ಮನುಷ್ಯ ಹುಟ್ಟೋ ಜಾಗ ಅಂದ್ರೆ ಹೊಸ್ತಿಲು!" ಪ್ಯಾಂಟನ್ನು ಅಲ್ಲೇ ಮರೆತು ಹೋದರು.

ಅಲ್ಲಿಂದ ಶುರು. ಅವರು ತಮ್ಮ ವಾಚನ ಕೂಟದ ಪತ್ರಿಕೆಯಲ್ಲಿ ನಮ್ಮ ಬಾಗಿಲ ಬಗ್ಗೆ ಎರಡು ಪುಟ ಬರೆದರು. ಭಾನುವಾರ ನಾಲ್ಕು ಜನರನ್ನು ಕರೆದುಕೊಂಡು ಬಂದು ತೋರಿಸತೊಡಗಿದರು. ಬಂದವರು ಚೌಕಟ್ಟಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನನ್ನಷ್ಟೇ ಗಿಡ್ಡ ಇರುವ ಒಬ್ಬಾಕೆ ಸೊಂಟ ಮುರಿಯುವಷ್ಟು ಬಗ್ಗಿ ಬಂದು, "ಎಷ್ಟು ಹಗುರ ಆಯ್ತು ಗೊತ್ತಾ!" ಎಂದಳು. ದೊಡ್ಡ ಮನೆಯವರೊಬ್ಬರು ತಮಗೂ ಇಂಥದೇ ಬಾಗಿಲು ಬೇಕೆಂದು ಹಟ ಹಿಡಿದು ಇವರ ಕೈಲಿ ಮಾಡಿಸಿಕೊಂಡರು. ಆಮೇಲೆ ಅವರ ಹೊಸ ಫ್ರಿಜ್ಜು ಮೂರು ದಿನ ಅಂಗಳದಲ್ಲೇ ನಿಂತಿತ್ತು. ಫ್ರಿಜ್ಜಿಗೆ ಬಗ್ಗಲು ಬರುವುದಿಲ್ಲ.

ಇವರೂ ನಂಬತೊಡಗಿದರು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಚೌಕಟ್ಟನ್ನು ಮುಟ್ಟಿ, ಒಂದು ಕ್ಷಣ ನಿಂತು, ತಲೆ ತಗ್ಗಿಸಿ ಹೋಗುತ್ತಿದ್ದರು. ನಾನು ಸೂಜಿಗೆ ದಾರ ಪೋಣಿಸುವವಳಂತೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಯಾಕೆಂದರೆ ಆ ಅರ್ಧ ಅಡಿ ಎಲ್ಲಿ ಹೋಯಿತು ಎಂಬುದು ನನಗೆ ಗೊತ್ತಿತ್ತು.

ಅದು ನನ್ನ ಕೊರಳಲ್ಲಿತ್ತು. ದರ್ಜಿಯ ಟೇಪು ಕೊರಳಲ್ಲಲ್ಲದೆ ಇನ್ನೆಲ್ಲಿರುತ್ತದೆ? ಅರವತ್ತು ಇಂಚಿನ ಬಟ್ಟೆ ಟೇಪು. ಅದರ ತುದಿ ಸವೆದು ನೂಲು ಬಿಟ್ಟಿತ್ತು. ನಾನು ಮೊದಲ ಮೂರು ಇಂಚು ಕತ್ತರಿಸಿ, ಅಂಚು ಮಡಚಿ, ಹಿತ್ತಾಳೆಯ ತುದಿಯನ್ನು ಮತ್ತೆ ಹೊಲಿದು ಕೂರಿಸಿದ್ದೆ. ಅಳತೆ ತೆಗೆದಾಗಲೆಲ್ಲ ಮನಸ್ಸಿನಲ್ಲೇ ಮೂರು ಕಳೆಯುವುದು ನನಗೆ ಉಸಿರಾಟದಷ್ಟು ಸಲೀಸು. ಚೌಕಟ್ಟಿನ ಮರ ಕೊಯ್ಯುವ ದಿನ ಇವರ ಉಕ್ಕಿನ ಟೇಪಿನ ಸ್ಪ್ರಿಂಗ್ ಕೈಕೊಟ್ಟಿತು. ನನ್ನ ಮುಂದೆ ಗಿರಾಕಿಯೊಬ್ಬ ತೋಳಿಗೆಲ್ಲ ಗುಂಡುಪಿನ್ನು ಚುಚ್ಚಿಸಿಕೊಂಡು ಅಲುಗಾಡದೆ ನಿಂತಿದ್ದ. ಇವರು ಬಂದು ಟೇಪು ಕೇಳಿದರು. ನಾನು ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಕೊರಳಿಂದ ತೆಗೆದು ಕೊಟ್ಟೆ. ಬಾಯಲ್ಲಿ ಪಿನ್ನು ಇಲ್ಲದಿದ್ದರೆ ಹೇಳುತ್ತಿದ್ದೆನೋ ಏನೋ. ಇವರು ಟೇಪನ್ನು ಎರಡು ಸಲ ಇಟ್ಟರು: ಒಮ್ಮೆ ಅರವತ್ತು, ಆಮೇಲೆ ಹನ್ನೆರಡು. ಎರಡು ಸಲವೂ ಮೂರು ಮೂರು ಇಂಚು ಹೋಯಿತು. ಒಂದು ಕಾಲು ಕೊಯ್ದು, ಅದನ್ನೇ ಅಳತೆಗೆ ಪಕ್ಕದಲ್ಲಿಟ್ಟು ಇನ್ನೊಂದನ್ನೂ ಕೊಯ್ದರು.

ಜಗಳವಾಗಿ ನಾಲ್ಕನೆಯ ದಿನ ಒಬ್ಬರ ಸೊಂಟದ ಅಳತೆ ಬರೆದುಕೊಳ್ಳುತ್ತಾ ಮೂರು ಕಳೆದೆ. ಕಳೆದ ಕೂಡಲೇ ಇವರಿಗೆ ಕೊಟ್ಟ ಟೇಪು ನೆನಪಾಯಿತು. ಆ ಹೊತ್ತಿಗೆ ಎದ್ದು ಹೋಗಿ ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿದು ಹೋಗುತ್ತಿತ್ತು. ಇಬ್ಬರ ಸಿಟ್ಟೂ ಇಳಿಯಲಿ ಎಂದುಕೊಂಡೆ. ಇಳಿಯುವಷ್ಟರಲ್ಲಿ ಮೇಷ್ಟ್ರು ಬಂದು ತಲೆ ಹೊಡೆಸಿಕೊಂಡಿದ್ದರು. ಜನ ಕೈಯಿಟ್ಟು ಕಣ್ಣು ಮುಚ್ಚುವ ಬಾಗಿಲಿಗೆ, ಇದು ನನ್ನ ಕತ್ತರಿಯ ಕೆಲಸ ಎಂದು ಹೇಳುವುದು ಹೇಗೆ? ಬಾಯಿಗೆ ಬೀಗ ಹಾಕಿಕೊಂಡೆ. ಬೀಗ ಹಾಕಿದಷ್ಟೂ ನಗು ಜಾಸ್ತಿ ಬರುತ್ತಿತ್ತು, ಅದೇ ನನ್ನ ಚಾಳಿ.

ನಗು ನಿಂತದ್ದು ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ. ನಾನು ಅಂಗಡಿಯಿಂದ ಬರುವಾಗ ಇವರು ಹೊಸ ಉಕ್ಕಿನ ಟೇಪು ಹಿಡಿದು ಚೌಕಟ್ಟನ್ನು ಅಳೆಯುತ್ತಿದ್ದರು. "ಏನ್ರೀ, ಬೆಳೆದಿದ್ಯಾ?" ಎಂದು ಕಿಚಾಯಿಸಿದೆ. ಇವರು ನಗಲಿಲ್ಲ. ಟೇಪು ಸುತ್ತಿಕೊಂಡು ಒಳಗೆ ಹೋದರು. ಆಗ ಹೊಳೆಯಿತು: ಒಂದೇ ಸಲ ಅಳೆದು ಗರಗಸ ಎಳೆಯುತ್ತಿದ್ದ ಮನುಷ್ಯ ಈಗ ಚಮಚದ ಕಪಾಟಿಗೂ ಮೂರು ಮೂರು ಸಲ ಅಳೆಯುತ್ತಿದ್ದಾರೆ. ಜನರೆದುರು ಏನೇ ಹೇಳಲಿ, ತಪ್ಪಿದ್ದು ತನ್ನ ಕೈಯೇ ಎಂದು ಒಳಗೊಳಗೇ ನಂಬಿದ್ದಾರೆ. ಅವತ್ತು ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಹೇಳಲಿಲ್ಲ. ಹತ್ತು ವರ್ಷ ಹಳೆಯ ಸುಳ್ಳನ್ನು ಎತ್ತಲು ಹಿಡಿಕೆಯೇ ಸಿಗುವುದಿಲ್ಲ.

ಈ ವರ್ಷ ಅಣ್ಣ ಕಟ್ಟಡಕ್ಕೆ ಕಟ್ಟಿದ್ದ ಸಾರುವೆಯಿಂದ ಬಿದ್ದ. ಕುತ್ತಿಗೆಗೆ ಗಲ್ಲದವರೆಗೆ ಬರುವ ಗಟ್ಟಿ ಪಟ್ಟಿ ಹಾಕಿ ಕಳಿಸಿದರು. ಮನೆಗೆ ಬಂದ ಮೇಲೆ ಅವನೇ ಫೋನ್ ಮಾಡಿದ.

"ಆಸ್ಪತ್ರೇಲಿ ಮಲಗಿದ್ದಾಗ ನಿನ್ನ ಮನೆ ನೆಲ ನೆನಪಾಯ್ತು ಕಣೇ ಪುಟ್ಟಿ. ನಾನು ಹಾಕಿದ್ರಲ್ಲೆಲ್ಲ ಅದೇ ಒಳ್ಳೇದು. ಒಂದ್ಸಲ ನೋಡ್ಬೇಕು. ಭಾನುವಾರ ಬರ್ತೀನಿ."

"ಬಾ ಅಣ್ಣ" ಎಂದೆ.

"ಬಗ್ಗೋದು ಮಾತ್ರ ಆಗಲ್ಲ. ಆಗ ಬಗ್ಗಲ್ಲ ಅಂದಿದ್ದೆ, ಈಗ ಬಗ್ಗಕ್ಕೆ ಆಗಲ್ಲ. ನಿನ್ನ ಗಂಡಂಗೆ ಎರಡಕ್ಕೂ ವ್ಯತ್ಯಾಸ ತಿಳಿಯುತ್ತಾ?"

ಇವರಿಗೆ ತಿಳಿಯಲಿಲ್ಲ. "ರೀ, ಚೌಕಟ್ಟು ಬಿಚ್ಚಿ ಎತ್ತರಿಸಿ" ಎಂದೆ. ನಮ್ಮ ಮನೆಗೆ ಇರುವುದು ಒಂದೇ ಬಾಗಿಲು.

"ಬಿಚ್ಚಿದ್ರೆ ತಪ್ಪು ನಂದು ಅಂತ ಒಪ್ಕೊಂಡ ಹಾಗಾಗಲ್ವಾ?" ಎಂದರು. ಚೌಕಟ್ಟನ್ನು ಸವರುತ್ತಾ, "ಆಮೇಲೆ ಮೇಷ್ಟ್ರು ಏನಂತಾರೆ?" ಎಂದರು. ನಾನು ಎಷ್ಟು ಗೋಗರೆದರೂ ಅದೇ ಉತ್ತರ. ಕಾರಣ ಹೇಳದೆ ಗೋಗರೆದರೆ ಇನ್ನೇನು ಉತ್ತರ ಸಿಗುತ್ತದೆ?

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಣ್ಣ ಬಂದು ಗಾಡಿಯಿಂದ ಇಳಿದ. ಅದೇ ಹೊತ್ತಿಗೆ ಮೇಷ್ಟ್ರೂ ತಮ್ಮ ನಾಲ್ಕು ಜನರೊಂದಿಗೆ ಬಂದಿದ್ದರು. ಇವರು ಒಳಗೆ ಗೋಡೆಗೆ ಒರಗಿ ನಿಂತಿದ್ದರು. ಅಣ್ಣ ಬಾಗಿಲ ಮುಂದೆ ಬಂದು ನಿಂತ. ಹಣೆಯ ನೇರಕ್ಕೆ ಚೌಕಟ್ಟಿನ ಅಡ್ಡಪಟ್ಟಿ. ತಲೆ ಅಲುಗಾಡಿಸಲಾಗದೆ ಕಣ್ಣನ್ನಷ್ಟೇ ಕೆಳಗಿಳಿಸಿ ನೆಲ ನೋಡಿದ.

ಮೇಷ್ಟ್ರು ತಮ್ಮವರತ್ತ ತಿರುಗಿ ಪಿಸುಗುಟ್ಟಿದರು, ಪಿಸುಮಾತು ಬೀದಿಯ ತುದಿಗೆ ಕೇಳಿಸುವಂತೆ: "ನೋಡ್ತಾ ಇರಿ. ಎಂಥ ಕುತ್ತಿಗೇನೂ ಇಲ್ಲಿ ಬಗ್ಗುತ್ತೆ."

"ಕುತ್ತಿಗೆಗೆ ಪಟ್ಟಿ ಹಾಕಿದ್ದಾರೆ ಮೇಷ್ಟ್ರೇ" ಎಂದೆ ನಾನು.

"ಆ ಪಟ್ಟಿ ಎಲ್ಲರಿಗೂ ಇದೆಯಮ್ಮಾ, ನಮಗೆ ಕಾಣಲ್ಲ ಅಷ್ಟೇ" ಎಂದರು. ನಾಲ್ವರೂ ತಲೆಯಾಡಿಸಿದರು.

ಇವರು ಒಂದು ಹೆಜ್ಜೆ ಮುಂದೆ ಬಂದರು. ಮತ್ತೆ ನಿಂತರು.

"ನೆಲ ಚೆನ್ನಾಗಿದೆ. ಇಲ್ಲಿಂದಲೇ ಕಾಣ್ತು" ಎಂದ ಅಣ್ಣ. "ನಾನು ಹೊರಡ್ತೀನಿ ಕಣೇ." ತಿರುಗಲು ಅವನಿಗೆ ಇಡೀ ಮೈ ತಿರುಗಿಸಬೇಕಿತ್ತು. ಪುಟ್ಟ ಪುಟ್ಟ ಹೆಜ್ಜೆಯಿಟ್ಟು ತಿರುಗತೊಡಗಿದ. ಆ ಹೆಜ್ಜೆಗಳನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಎದ್ದು, ಕೊರಳಿಂದ ಟೇಪು ತೆಗೆದು ಇವರ ಕೈಗೆ ಕೊಟ್ಟೆ. "ನಿಮ್ಮ ಟೇಪಿನ ಪಕ್ಕ ಇಟ್ಟು ನೋಡಿ" ಎಂದೆ.

ಇವರು ಜೇಬಿನಿಂದ ಉಕ್ಕಿನ ಟೇಪು ಎಳೆದು ನೆಲದ ಮೇಲೆ ಎರಡನ್ನೂ ಜೋಡಿಸಿದರು. ಹಿತ್ತಾಳೆಯ ತುದಿಯನ್ನು ಬೆರಳಿಂದ ಸವರಿ, ನನ್ನ ಹೊಲಿಗೆ ನೋಡಿ, ಮೊದಲ ಅಂಕಿ ನೋಡಿದರು. ಅಲ್ಲಿ ನಾಲ್ಕು ಎಂದಿತ್ತು.

"ಚೌಕಟ್ಟು ಕೊಯ್ದ ದಿನ ಕೊಟ್ಟಿದ್ದು ಇದೇ. ಮೂರು ಇಂಚು ಕತ್ತರಿಸಿದ್ದೆ, ಹೇಳೋದು ಮರೆತೆ. ಆಮೇಲೆ ಗೊತ್ತಾಯ್ತು, ಹೆದರಿ ಹೇಳ್ಲಿಲ್ಲ. ಹನ್ನೆರಡು ವರ್ಷದಿಂದ ಗೊತ್ತು" ಎಂದೆ. ನಗು ಬರಲಿಲ್ಲ.

"ಅರವತ್ತು... ಆಮೇಲೆ ಹನ್ನೆರಡು" ಎಂದು ಇವರು ತಮ್ಮಷ್ಟಕ್ಕೆ ಹೇಳಿಕೊಂಡರು. "ಎರಡು ಸಲ ಇಟ್ಟಿದ್ದೆ." ಹಾಗೇ ನೆಲದ ಮೇಲೆ ಕೂತುಬಿಟ್ಟರು. ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಹಂಗಾದ್ರೆ ನನ್ನ ಕೈ ತಪ್ಪಿರ್ಲಿಲ್ಲ."

"ನನ್ನ ದಾರಾನೂ ತಪ್ಪಿರ್ಲಿಲ್ಲ" ಎಂದ ಅಣ್ಣ ಹೊರಗಿನಿಂದ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು. ಕ್ಷಮೆ ಕೇಳುವ ಕಷ್ಟ ಇಬ್ಬರಿಗೂ ತಪ್ಪಿತ್ತು, ಬೈಯಲು ಮೂರನೆಯವಳು ಸಿಕ್ಕಿದ್ದಳು. ಎಷ್ಟು ಖುಷಿಯಿಂದ ಬೈದರು ಎಂದರೆ, ಒಬ್ಬರು ಬಿಟ್ಟ ಮಾತನ್ನು ಇನ್ನೊಬ್ಬರು ಹಿಡಿದು ಮುಗಿಸುತ್ತಿದ್ದರು. ನಾನು ಅಳುತ್ತಾ ಕೇಳಿಸಿಕೊಂಡೆ. ಅಷ್ಟು ಹಿತವಾದ ಬೈಗುಳ ಜೀವನದಲ್ಲಿ ತಿಂದಿಲ್ಲ.

"ಬಾ ಭಾವ, ಒಳಗೆ ಬಂದು ಬೈ" ಎಂದರು ಇವರು.

ಅಣ್ಣ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತ. ನೆಲ ಹಾಕುವವರು ಹೇಗೆ ಕೂತಲ್ಲಿಂದಲೇ ಜರುಗುತ್ತಾರೋ ಹಾಗೆ, ಕುತ್ತಿಗೆ ನೆಟ್ಟಗೇ ಇಟ್ಟುಕೊಂಡು, ಒಂದೊಂದೇ ಪಾದ ಸರಿಸುತ್ತಾ ಹೊಸ್ತಿಲು ದಾಟಿದ. ಮೊಣಕಾಲು ಮಡಚಬೇಡ ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ, ಹೇಳಿದ್ದು ಅವನ ಹಟ ಮಾತ್ರ. ಇವರು ಅಡ್ಡಪಟ್ಟಿಯ ಅಂಚಿಗೆ ತಮ್ಮ ಅಂಗೈ ಅಡ್ಡ ಹಿಡಿದಿದ್ದರು, ಅಣ್ಣನ ತಲೆಗೂ ಮರಕ್ಕೂ ಒಂದು ಮೊಳ ಅಂತರ ಇದ್ದರೂ. ಒಳಗೆ ಬಂದವನೇ ಅಣ್ಣ ನೆಲವನ್ನು ಅಂಗೈಯಿಂದ ಸವರಿ, "ಕೂದಲೆಳೆಯಷ್ಟೂ ಬಿರುಕಿಲ್ಲ" ಎಂದ.

"ಕಂಡಿರಾ!" ಮೇಷ್ಟ್ರ ದನಿ ನಡುಗುತ್ತಿತ್ತು. "ತಲೆ ಬಗ್ಗಿಸೋದು ಮೊದಲ ಮೆಟ್ಟಿಲು. ಮಂಡಿ ಮಡಚೋದು ಎರಡನೇದು!"

"ಟೇಪು ಮೇಷ್ಟ್ರೇ, ಟೇಪು" ಎಂದೆ ಮೂಗು ಒರೆಸಿಕೊಳ್ಳುತ್ತಾ.

"ಟೇಪು ಬರೀ ನೆಪ ಕಣಮ್ಮಾ" ಎಂದರು. ಆಗಲೇ ಅವರ ನಾಲ್ವರಲ್ಲಿ ಒಬ್ಬರು ಕುಕ್ಕರಗಾಲಲ್ಲಿ ಕೂತು ಬಾಗಿಲು ದಾಟುವ ಪ್ರಯತ್ನದಲ್ಲಿದ್ದರು. ಅವರನ್ನು ಎಬ್ಬಿಸಿ ನಿಲ್ಲಿಸಲು ಉಳಿದ ಮೂವರೂ ಬೇಕಾದರು.

ಬರುವ ವಾರ ಚೌಕಟ್ಟು ಕೀಳುವುದು ಎಂದು ತೀರ್ಮಾನವಾಯಿತು. ಮೇಲಿನಿಂದ ಎತ್ತರಿಸುವುದೋ, ಕೆಳಗಿನಿಂದ ನೆಲ ತಗ್ಗಿಸುವುದೋ ಎಂದು ಒಳಗೆ ಇಬ್ಬರೂ ಆಗಲೇ ಕಿತ್ತಾಡುತ್ತಿದ್ದರು. ಮೇಷ್ಟ್ರು ಮುಂದಿನ ಲೇಖನ ಯೋಚಿಸುತ್ತಾ ತಮ್ಮ ಜನರನ್ನು ನಡೆಸಿಕೊಂಡು ಹೋದರು. ಗಾಡಿಯಲ್ಲಿ ಬಿಟ್ಟಿದ್ದ ಅಣ್ಣನ ಔಷಧಿ ಚೀಲ ತರಲು ನಾನು ಹೊರಗೆ ಹೋದೆ.

ಚೀಲ ಹಿಡಿದು ವಾಪಸು ಬಂದಾಗ ಒಳಗಿನಿಂದ ಅಣ್ಣ ಇವರ ಮಾತಿಗೆ ನಗುವುದು ಕೇಳಿಸಿತು. ಹೊಸ್ತಿಲ ಮೇಲೆ ಕಾಲಿಟ್ಟೆ. ನನ್ನ ತಲೆಯ ಮೇಲೆ ಇನ್ನೂ ಏಳು ಇಂಚು ಜಾಗ ಇತ್ತು, ಏನೂ ತಾಗುತ್ತಿರಲಿಲ್ಲ. ಆದರೂ ತಲೆ ತಾನಾಗಿ ಬಗ್ಗಿತು. ಪುಣ್ಯಕ್ಕೆ ಮೇಷ್ಟ್ರು ನೋಡಲಿಲ್ಲ.