ಕುಲಶೇಖರದ ತಿರುವಿನ ಬಿಳಿ ಸೆಡಿಯಾ

ಲತೇಶನಿಗೆ ನಲವತ್ತಮೂರು ವರ್ಷ. ವಾಮಂಜೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಗೋದಾಮೊಂದರಲ್ಲಿ ಸ್ಟೋರ್ ಕೀಪರ್. ತೊಕ್ಕೊಟ್ಟಿನಲ್ಲಿ ತಮ್ಮ ಕಟ್ಟಿಸಿದ ಮನೆಯ ಮೇಲಿನ ಮಹಡಿಯಲ್ಲಿ ಒಬ್ಬನೇ ಇರುತ್ತಿದ್ದ. ಕೆಳಗೆ ತಮ್ಮ, ತಮ್ಮನ ಹೆಂಡತಿ ತೃಪ್ತಿ, ಅವರ ಇಬ್ಬರು ಮಕ್ಕಳು. ಸಂಜೆ ಊಟದ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು, "ಭಾವ, ಊಟ ಇಟ್ಟಿದ್ದೇನೆ" ಎಂದು ತೃಪ್ತಿ ಕೂಗಿ ಹೇಳುತ್ತಿದ್ದಳು. ಮೊದಮೊದಲು ಕೆಳಗೇ ಬಂದು ಊಟ ಮಾಡಿ ಎಂದು ಕರೆದಿದ್ದಳು. ಅವನೇ ಒಂದೊಂದು ನೆಪ ಹೇಳಿ ತಪ್ಪಿಸಿಕೊಂಡ. ಆಮೇಲೆ ಡಬ್ಬಿಯೇ ರೂಢಿಯಾಯಿತು.

ಮದುವೆ ಆಗಲಿಲ್ಲ. ಶಾರ್ಜಾದಲ್ಲಿದ್ದ ಒಂಬತ್ತು ವರ್ಷ ಮನೆಯವರು ಹುಡುಗಿ ನೋಡುತ್ತಿದ್ದರು, ಇವನು ಮುಂದಿನ ರಜೆಗೆ ಎನ್ನುತ್ತಿದ್ದ. ಅಲ್ಲಿ ಜಪಾನಿ ಕಾರುಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೆಲಸ. ಕಣ್ಣು ಮುಚ್ಚಿ ಮುಟ್ಟಿದರೂ ಇದು ಟೊಯೊಟಾದ್ದು, ಇದು ನಿಸಾನ್‌ದು ಎಂದು ಹೇಳುವಷ್ಟು ಪಳಗಿದ್ದ. ಊರಿಗೆ ಮರಳಿದ ವರ್ಷ, ಹನ್ನೊಂದು ವರ್ಷದ ಹಿಂದೆ, ಯಾರೋ ಮಾರಲು ಇಟ್ಟಿದ್ದ ಕೆಂಪು ಬಣ್ಣದ ಮಿತ್ಸುಬಿಷಿ ಲ್ಯಾನ್ಸರ್ ಸೆಡಿಯಾ ಕೊಂಡ. ಎರಡು ಲೀಟರ್ ಎಂಜಿನ್, ತಗ್ಗಾಗಿ ಕೂತ ಸೀಟು. ಅದನ್ನು ಕೊಳ್ಳಬೇಡವೆಂದು ಎಲ್ಲರೂ ಹೇಳಿದ್ದರು. ಪೆಟ್ರೋಲ್ ಕುಡಿಯುತ್ತದೆ, ಸ್ಪೇರ್ ಸಿಗುವುದಿಲ್ಲ, ಮುಂದೆ ಮಾರಲೂ ಆಗುವುದಿಲ್ಲ. ಮೂರೂ ನಿಜವಾಯಿತು. ಆದರೆ ಮೊದಲ ದಿನ ತಿರುವಿನಲ್ಲಿ ಸ್ಟಿಯರಿಂಗ್ ಹೊರಳಿಸಿದಾಗ ರಸ್ತೆಯ ಪ್ರತಿಯೊಂದು ಉಬ್ಬುತಗ್ಗೂ ಅಂಗೈಗೆ ಬಂದು ತಿಳಿಯಿತಲ್ಲ, ಅಂಥ ಅನುಭವ ಅವನಿಗೆ ಬೇರೆ ಯಾವುದರಲ್ಲೂ ಆಗಿರಲಿಲ್ಲ. ಯಾರಿಗಾದರೂ ವಿವರಿಸಿ ಹೇಳಬೇಕೆಂದರೆ ಮಾತೂ ಸಿಗುತ್ತಿರಲಿಲ್ಲ, ಕೇಳುವವರೂ ಇರಲಿಲ್ಲ.

ದೇಶದಲ್ಲಿದ್ದ ಸೆಡಿಯಾದವರೆಲ್ಲ ಸೇರಿ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದರು. ಒಂದು ಕಾಲದಲ್ಲಿ ಅಲ್ಲಿ ಬೆಳಗಾದರೆ ಫೋಟೋ, ಮಧ್ಯಾಹ್ನವಾದರೆ ವಾದ. ಈಚೆಗೆ ಬರೀ 'ಮಾರಾಟಕ್ಕಿದೆ' ಎಂಬ ಸಂದೇಶಗಳು. ಮಾರಿದವನು ಎರಡು ದಿನ ಬಿಟ್ಟು ಗ್ರೂಪ್ ಬಿಟ್ಟು ಹೋಗುತ್ತಿದ್ದ.

ಹೀಗಿರುವಾಗ, ಮೂರು ವರ್ಷದ ಹಿಂದೆ, ವಾಮಂಜೂರಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಬೆಳಿಗ್ಗೆ ಕುಲಶೇಖರದ ತಿರುವಿನಲ್ಲಿ ಎದುರಿನಿಂದ ಬಿಳಿ ಸೆಡಿಯಾ ಬಂತು. ಲತೇಶ ಯೋಚಿಸುವ ಮೊದಲೇ ಅವನ ಕೈ ಹೆಡ್‌ಲೈಟ್ ಮಿನುಗಿಸಿತ್ತು. ಎದುರಿನ ಕಾರೂ ಒಮ್ಮೆ ಲೈಟ್ ಹಾಕಿ ದಾಟಿ ಹೋಯಿತು. ಮರುದಿನ ಅದೇ ಹೊತ್ತಿಗೆ, ಎಂಟು ಹತ್ತಕ್ಕೆ, ಮತ್ತೆ ಬಂತು. ಮತ್ತೆ ಲೈಟ್ ಹಾಕಿದರು.

ಇದು ದಿನವೂ ನಡೆಯಿತು. ವಾಮಂಜೂರಿನ ಕಡೆ ಹೋಗುವಾಗ ಬೆಳಗಿನ ಬಿಸಿಲು ನೇರ ಕಣ್ಣಿಗೆ ಬೀಳುತ್ತಿದ್ದುದರಿಂದ ಆ ಕಾರಿನ ಗಾಜಿನ ಹಿಂದೆ ಯಾರಿದ್ದಾರೆಂದು ಅವನಿಗೆ ಕಾಣುತ್ತಿರಲಿಲ್ಲ. ಮಳೆಗಾಲದಲ್ಲಿ ವೈಪರಿನ ಆಚೆ ಒಂದು ನೆರಳಷ್ಟೇ. ಆದರೂ ಆ ವ್ಯಕ್ತಿಯನ್ನು ಅವನು ಸ್ವಲ್ಪಸ್ವಲ್ಪವಾಗಿ ಕಟ್ಟಿಕೊಂಡ. ತನ್ನದೇ ಪ್ರಾಯ ಇರಬಹುದು. ಗೇರು ಯಾವಾಗ ಬದಲಿಸಬೇಕೆಂದು ಕಿವಿಯಿಂದ ತಿಳಿಯುವವನು. ಗಾಡಿ ಇಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾನೆಂದರೆ ಭಾನುವಾರ ತಾನೇ ತೊಳೆಯುತ್ತಾನೆ. ಒಂದು ದಿನ ಎಲ್ಲಾದರೂ ಗಾಡಿ ನಿಲ್ಲಿಸಿ ಮಾತಾಡಬೇಕು ಎಂದುಕೊಳ್ಳುತ್ತಿದ್ದ. ಆದರೆ ಎದುರುಬದುರಾಗಿ ಹೋಗುವ ಗಾಡಿಗಳು, ಹಿಂದೆ ಸಾಲು ಬಸ್ಸುಗಳು. ನಿಲ್ಲಿಸುವುದು ಹೇಗೆ? ಒಮ್ಮೆ ಗೋದಾಮಿಗೆ ರಜೆಯಿದ್ದ ದಿನವೂ ಎಂಟು ಗಂಟೆಗೆ ಹೊರಟು ಆ ತಿರುವಿನವರೆಗೆ ಹೋಗಿ, ಲೈಟ್ ಹಾಕಿ, ತಿರುಗಿ ಬಂದ. ಎಲ್ಲಿಗೆ ಹೋಗಿದ್ದೆ ಎಂದು ತಮ್ಮ ಕೇಳಿದ್ದಕ್ಕೆ, "ಬ್ಯಾಟರಿ ಇಳಿಯಬಾರದಲ್ಲ, ಅದಕ್ಕೆ" ಎಂದ.

ಕಳೆದ ನವೆಂಬರಿನ ಒಂದು ಸೋಮವಾರ ಬಿಳಿ ಕಾರು ಬರಲಿಲ್ಲ. ಆ ವಾರವಿಡೀ ಬರಲಿಲ್ಲ. ಊರಿಗೆ ಹೋಗಿರಬಹುದು ಎಂದುಕೊಂಡ. ಎರಡನೆಯ ವಾರ, ಗಾಡಿಗೆ ಏನೋ ಆಗಿದೆ, ಸ್ಪೇರ್ ಸಿಗದೆ ನಿಂತಿದೆ ಎಂದುಕೊಂಡ. ತನ್ನ ಬಳಿ ಎತ್ತಿಟ್ಟಿದ್ದ ಹಳೆಯ ಫ್ಯುಯೆಲ್ ಪಂಪು, ಎರಡು ಟೇಲ್ ಲ್ಯಾಂಪು ನೆನಪಾದವು. ಬೇಕಾದರೆ ಕೊಡಬಹುದಿತ್ತು. ಮೂರನೆಯ ವಾರ ತಡೆಯಲಾಗದೆ ಕುಲಶೇಖರದಲ್ಲಿ ಗಾಡಿ ನಿಲ್ಲಿಸಿ ಟಯರ್ ಅಂಗಡಿಯ ಅರಾಫತ್‌ನನ್ನು ಕೇಳಿದ.

"ಬಿಳಿ ಲ್ಯಾನ್ಸರಾ? ಅದು ಕುಡುಪಿನ ಸ್ನೇಹಲತಾ ಡಾಕ್ಟರ್‌ದು," ಎಂದ ಅರಾಫತ್. "ಇಲ್ಲೇ ಟಯರ್ ಹಾಕಿಸಿದ್ದು. ಎಂತ, ತಾಗಿಸಿದ್ರಾ?"

"ಇಲ್ಲ, ಸುಮ್ಮನೆ ಕೇಳಿದೆ."

ಆ ಶನಿವಾರ ಮಧ್ಯಾಹ್ನ ಮನೆ ಹುಡುಕಿಕೊಂಡು ಹೋದ. ಕಾಂಪೌಂಡಿನ ಬದಿಯ ಶೆಡ್ಡಿನಲ್ಲಿ ಬಿಳಿ ಸೆಡಿಯಾ ನಿಂತಿತ್ತು. ಬಿಸಿಲು ಬೀಳುತ್ತಿದ್ದ ಬಾನೆಟ್ಟಿನ ಮೇಲೆ ಗೆರಸೆಯಲ್ಲಿ ಹಪ್ಪಳ ಒಣಗಲಿಟ್ಟಿದ್ದರು. ಸ್ನೇಹಲತಾ ಎಪ್ಪತ್ತರ ಆಸುಪಾಸಿನ, ನೇರ ಮಾತಿನ ಹೆಂಗಸು. ಕಂಕನಾಡಿಯಲ್ಲಿದ್ದ ದಂತ ಚಿಕಿತ್ಸಾಲಯ ಮುಚ್ಚಿ ಆಗಷ್ಟೇ ಮನೆಯಲ್ಲಿ ಕೂತಿದ್ದರು.

"ಕ್ಲಿನಿಕ್ಕೇ ಇಲ್ಲ ಅಂದ ಮೇಲೆ ಕಾರು ಎಂತಕ್ಕೆ?" ಎಂದರು. "ಹದಿನೈದು ವರ್ಷದ ಆರ್‌ಸಿ ಕೂಡ ಮುಗಿಯಿತು. ಗುಜರಿಯವನಿಗೆ ಹೇಳಿಟ್ಟಿದ್ದೇನೆ. ನಿಮಗೆ ಬೇಕಾದ್ರೆ ತಗೊಳ್ಳಿ."

"ಇಷ್ಟು ವರ್ಷ ನೀವೇ ಓಡಿಸಿದ್ದಾ ಮೇಡಂ?"

"ನನಗೆ ಡ್ರೈವಿಂಗ್ ಬರುವುದಿಲ್ಲ. ಬೋಜ ಓಡಿಸ್ತಿದ್ದ. ಅದರಲ್ಲಿ ಅಂಥದ್ದು ಎಂತ ಉಂಟು? ನನಗಂತೂ ಹಿಂದೆ ಕೂತು ಬೆನ್ನು ನೋವು ಬಂದದ್ದು ಮಾತ್ರ ಗೊತ್ತು."

"ಓಡಿಸುವವರಿಗೆ ಗೊತ್ತಾಗ್ತದೆ, ತಿರುವಿನಲ್ಲಿ," ಎಂದ ಲತೇಶ. ಅವರು ನಕ್ಕು, ಕೀ ಬೋಜನ ಹತ್ತಿರ ಇದೆ, ನಾಳೆ ಬರಲು ಹೇಳುತ್ತೇನೆ ಎಂದರು.

ಹಾಗಾದರೆ ಬೋಜ. ಆ ರಾತ್ರಿ ಡಬ್ಬಿಯ ಊಟ ಮಾಡುವಾಗ ಲತೇಶನಿಗೆ ಸಣ್ಣ ಸಂಭ್ರಮವಾಗಿತ್ತು. ಡ್ರೈವರ್ ಆದರೇನು? ಹದಿನೈದು ವರ್ಷ ಒಂದೇ ಗಾಡಿಯನ್ನು ಒಬ್ಬನೇ ಓಡಿಸಿದವನಿಗಿಂತ ಹೆಚ್ಚು ಯಾರಿಗೆ ಗೊತ್ತಿರುತ್ತದೆ?

ಭಾನುವಾರ ಬೋಜ ಶೆಡ್ಡಿನ ಹತ್ತಿರ ಕಾಯುತ್ತಿದ್ದ. ಅರವತ್ತು ದಾಟಿದವನು, ತೆಳ್ಳಗೆ, ಇಸ್ತ್ರಿ ಹಾಕಿದ ಬಿಳಿ ಅಂಗಿ. ಲತೇಶ ತನ್ನ ಕೆಂಪು ಕಾರನ್ನು ಗೇಟಿನ ಮುಂದೆ ನಿಲ್ಲಿಸಿ ಇಳಿದ. ಬೋಜನ ಮುಖದಲ್ಲಿ ಗುರುತು ಹಿಡಿದ ಲಕ್ಷಣ ಕಾಣಲಿಲ್ಲ.

"ಬೋಜಣ್ಣ, ನಾನು. ಕುಲಶೇಖರದಲ್ಲಿ ದಿನಾ ಬೆಳಿಗ್ಗೆ ಲೈಟ್ ಹಾಕ್ತಿದ್ದದ್ದು."

"ಓ, ಅದು ನೀವಾ?" ಎಂದು ಬೋಜ ಹತ್ತಿರ ಬಂದ. "ನಾನು ಮುಂದೆ ಪೊಲೀಸ್ ಉಂಟು ಅಂತ ಹೇಳ್ತಿದ್ದೀರಿ ಅಂತ ಗ್ರಹಿಸಿದ್ದು. ನೀವು ಲೈಟ್ ಹಾಕಿದ ಕೂಡಲೇ ಬೆಲ್ಟ್ ಹಾಕ್ತಿದ್ದೆ ನಾನು."

"ದಿನಾ?"

"ದಿನಾ. ಪೊಲೀಸ್ ಇರ್ತಿರ್ಲಿಲ್ಲ. ಇವ ಯಾಕೆ ಹೀಗೆ ಮಾಡ್ತಾನೆ ಅಂತ ನನಗೂ ಆಗ್ತಿತ್ತು. ಆದ್ರೆ ಒಬ್ಬ ಹಾಕಿದ ಮೇಲೆ ನಾವೂ ಹಾಕ್ಬೇಕಲ್ಲ, ಮರ್ಯಾದೆಗೆ."

"ನನ್ನದೂ ಇದೇ ಗಾಡಿ ಅಂತ..."

ಬೋಜ ಗೇಟಿನ ಕಡೆ ತಿರುಗಿ ನೋಡಿದ. "ಹೌದಲ್ಲ ಮಾರಾಯ್ರೆ. ಎರಡೂ ಒಂದೇ. ನಾನು ನೋಡ್ಲೇ ಇಲ್ಲ."

ಲತೇಶ ನಗಲು ಪ್ರಯತ್ನಿಸಿದ. ಬೋಜನದೇನೂ ತಪ್ಪಿರಲಿಲ್ಲ. ಅವನು ಒಳ್ಳೆಯ ಮನುಷ್ಯ; ಗೆರಸೆ ಎತ್ತಿಟ್ಟು, ಬಾನೆಟ್ ತೆರೆದು, ಯಾವಾಗ ಎಂಜಿನ್ ಬೆಲ್ಟ್ ಬದಲಿಸಿದ್ದು, ಯಾವಾಗ ಆಯಿಲ್ ಹಾಕಿದ್ದು ಎಂದೆಲ್ಲ ದಿನಾಂಕದ ಸಮೇತ ಹೇಳಿದ. ಲತೇಶ ಹೂಂಗುಟ್ಟುತ್ತಿದ್ದ. ಮೂರು ವರ್ಷದಿಂದ ಅವನು ಬೆಳಿಗ್ಗೆ ಏಳುತ್ತಿದ್ದುದಕ್ಕೆ ಒಂದು ಕಾರಣವಿತ್ತು. ಆ ಕಾರಣ ಇದ್ದದ್ದು ಅವನೊಬ್ಬನ ಕಡೆಯಿಂದ ಮಾತ್ರ.

ಆದರೂ ಕಾರು ಕೊಂಡ. ಗುಜರಿಗೆ ಹೋಗುವುದನ್ನು ನೋಡಲಾಗದೆ ಕೊಂಡದ್ದು. ಬಿಚ್ಚಿದರೆ ತನ್ನ ಕೆಂಪು ಕಾರಿಗೆ ಹತ್ತು ವರ್ಷಕ್ಕಾಗುವಷ್ಟು ಬಿಡಿಭಾಗ ಸಿಗುತ್ತದೆ ಎಂಬ ಲೆಕ್ಕ.

ಎರಡೂ ಗಾಡಿಗಳನ್ನು ತೊಕ್ಕೊಟ್ಟಿನ ಮ್ಯಾಕ್ಸಿಮನ ಗ್ಯಾರೇಜಿನಲ್ಲಿ ಅಕ್ಕಪಕ್ಕ ನಿಲ್ಲಿಸಿದರು. ಮ್ಯಾಕ್ಸಿಮ್ ಕೆಂಪು ಕಾರನ್ನು ಹನ್ನೊಂದು ವರ್ಷದಿಂದ ರಿಪೇರಿ ಮಾಡಿದವನು. ಲಿಫ್ಟಿನಲ್ಲಿ ಮೊದಲು ಬಿಳಿಯದನ್ನು ಎತ್ತಿ ನೋಡಿದ, ಆಮೇಲೆ ಕೆಂಪನ್ನು. ನಂತರ ಸ್ಕ್ರೂಡ್ರೈವರ್ ತೆಗೆದುಕೊಂಡು ಕೆಂಪು ಕಾರಿನ ತಳಕ್ಕೆ, ಹಿಂದಿನ ಚಕ್ರದ ಪಕ್ಕ, ಮೆಲ್ಲಗೆ ಒತ್ತಿದ. ಅದು ಹಿಡಿಯವರೆಗೂ ಒಳಗೆ ಹೋಯಿತು. ತುಕ್ಕಿನ ಚೂರುಗಳು ನೆಲಕ್ಕೆ ಉದುರಿದವು.

"ಸಮುದ್ರದ ಗಾಳಿ," ಎಂದ ಮ್ಯಾಕ್ಸಿಮ್. "ಅದು ಕುಡುಪಿನಲ್ಲಿತ್ತು, ಶೆಡ್ಡಿನಲ್ಲಿ. ತಳ ಹೊಸದರ ಹಾಗೆ ಉಂಟು. ಬಿಚ್ಚುವುದಾದ್ರೆ ನಿನ್ನದನ್ನು ಬಿಚ್ಚು ಲತೇಶ. ಅದನ್ನು ಇಟ್ಕೋ."

"ವೆಲ್ಡ್ ಮಾಡಿದ್ರೆ?"

"ಎಲ್ಲಿಗೆ ಮಾಡ್ತಿ? ವೆಲ್ಡ್ ಹಿಡಿಯಲಿಕ್ಕೆ ಕಬ್ಬಿಣ ಬೇಕಲ್ಲ."

ಎರಡು ವಾರ ಲತೇಶ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬಂದ. ಮೂರನೆಯ ಭಾನುವಾರ ಬೆಳಿಗ್ಗೆ ಗ್ಯಾರೇಜಿಗೆ ಹೋಗಿ, ಸಹಾಯಕ್ಕೆ ಬಂದ ಮ್ಯಾಕ್ಸಿಮನಿಗೆ ಬೇಡವೆಂದು ಹೇಳಿ, ಕೆಂಪು ಕಾರನ್ನು ತಾನೇ ಬಿಚ್ಚತೊಡಗಿದ. ಮೊದಲು ಸೀಟುಗಳು. ಆಮೇಲೆ ಬಾಗಿಲುಗಳು, ಡ್ಯಾಶ್‌ಬೋರ್ಡ್. ಪ್ರತಿ ಬೋಲ್ಟನ್ನೂ ಎಲ್ಲಿಯದೆಂದು ಬರೆದು ಚಿಕ್ಕ ಚಿಕ್ಕ ಲಕೋಟೆಯಲ್ಲಿ ಹಾಕಿದ. ಡ್ರೈವರ್ ಸೀಟಿನ ಕೆಳಗೆ ಬಿಸ್ಕತ್ತಿನ ಪುಡಿ, ಒಂದು ಪೆನ್ನು, ಮಸ್ಕತ್ತಿನಿಂದ ಗೆಳೆಯನೊಬ್ಬ ತಂದುಕೊಟ್ಟ ಸೆಂಟಿನ ಖಾಲಿ ಬಾಟಲಿ ಸಿಕ್ಕಿದವು. ಪಕ್ಕದ ಸೀಟಿನ ಕೆಳಗೆ ಏನೂ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ಅಲ್ಲಿ ಎಷ್ಟು ಜನ ಕೂತಿದ್ದರು ಎಂದು ನೆನಪಿಸಿಕೊಂಡ. ಒಂದು ಕೈಯ ಬೆರಳುಗಳು ಸಾಕಾದವು.

ನಾಲ್ಕು ಭಾನುವಾರ ಬೇಕಾಯಿತು. ಕೊನೆಗೆ ಉಳಿದ ಕೆಂಪು ತಗಡಿನ ದೇಹವನ್ನು ಗುಜರಿಯವನ ಟೆಂಪೋಗೆ ಹತ್ತಿಸುವಾಗ ಮ್ಯಾಕ್ಸಿಮ್ ಅವನನ್ನು ಚಹಾಕ್ಕೆಂದು ಹೊರಗೆ ಕರೆದುಕೊಂಡು ಹೋದ. ತಿರುಗಿ ಬರುವಷ್ಟರಲ್ಲಿ ಜಾಗ ಖಾಲಿಯಾಗಿತ್ತು.

ಬಿಳಿ ಕಾರಿನ ಆರ್‌ಸಿ ನವೀಕರಣವಾಗಿ ಕೈಗೆ ಬಂದದ್ದು ಫೆಬ್ರವರಿಯಲ್ಲಿ. ಗಾಡಿ ಚೆನ್ನಾಗಿತ್ತು, ತನ್ನದಕ್ಕಿಂತಲೂ ಗಟ್ಟಿ. ಆದರೆ ಕ್ಲಚ್ಚು ಬೇರೆ ಎತ್ತರದಲ್ಲಿ ಹಿಡಿಯುತ್ತಿತ್ತು, ಗೇರು ಇನ್ನೊಬ್ಬರ ಕೈಗೆ ಪಳಗಿತ್ತು. ಅದನ್ನು ಓಡಿಸುವಾಗ ಯಾರದೋ ಚಪ್ಪಲಿ ಹಾಕಿಕೊಂಡು ನಡೆದ ಹಾಗಾಗುತ್ತಿತ್ತು.

ಮಾರ್ಚ್ ತಿಂಗಳಲ್ಲಿ ಬೋಜ ಫೋನು ಮಾಡಿದ. "ಒಂದು ಉಪಕಾರ ಆಗ್ಬೇಕಿತ್ತು. ಮಗಳು ಪ್ರಣೀತಾ ಮಸ್ಕತ್ತಿನಿಂದ ರಜೆಯಲ್ಲಿ ಬರ್ತಾಳೆ, ಅಲ್ಲಿ ನರ್ಸು. ಭಾನುವಾರ ಮಧ್ಯಾಹ್ನ. ಬಜಪೆ ಏರ್‌ಪೋರ್ಟಿಗೆ ಹೋಗ್ಬೇಕು. ಗಾಡಿ ಕೊಟ್ರೆ ನಾನೇ ಓಡಿಸ್ತೇನೆ, ಇಲ್ಲದಿದ್ರೆ..."

"ನಾನೇ ಬರ್ತೇನೆ ಬೋಜಣ್ಣ," ಎಂದ ಲತೇಶ.

ವಿಮಾನ ತಡವಾಗಿತ್ತು. ಇಬ್ಬರೂ ಕಂಬಿಯ ಈಚೆ ನಿಂತರು. ಒಳಗಿನಿಂದ ಜನ ಲಗೇಜಿನ ಟ್ರಾಲಿ ತಳ್ಳಿಕೊಂಡು ಬರುತ್ತಿದ್ದರು; ಹೊರಗಿದ್ದವರು ಮುಂದೆ ನುಗ್ಗಿ ಅಪ್ಪಿಕೊಳ್ಳುತ್ತಿದ್ದರು. ಲತೇಶ ತಾನು ಬಂದಿಳಿದ ದಿನವನ್ನು ನೆನೆದ. ಅಂದು ತಮ್ಮ ಬಂದಿದ್ದ. ಲಗೇಜು ಇಷ್ಟೇಯಾ ಎಂದು ಕೇಳಿದ್ದ.

ಪ್ರಣೀತಾ ಬಂದಳು. ಅಪ್ಪನ ಕೈ ಹಿಡಿದುಕೊಂಡೇ ಕಾರಿನವರೆಗೆ ನಡೆದಳು. ಲತೇಶ ಸೂಟ್‌ಕೇಸುಗಳನ್ನು ಡಿಕ್ಕಿಯಲ್ಲಿಟ್ಟ. ಬೋಜ ರೂಢಿಯಂತೆ ಮುಂದಿನ ಬಾಗಿಲಿಗೆ ಕೈ ಹಾಕಿದ್ದ. ಅವಳು, "ನೀವು ನನ್ನ ಒಟ್ಟಿಗೆ ಹಿಂದೆ ಕೂತುಕೊಳ್ಳಿ ಅಪ್ಪ" ಎಂದು ಎಳೆದಳು.

"ಈ ಗಾಡಿಯಲ್ಲಿ ಹಿಂದೆ ಕೂತದ್ದು ಇದೇ ಮೊದಲು," ಎಂದ ಬೋಜ. ಸೀಟನ್ನು ಕೈಯಿಂದ ಸವರಿ ನೋಡಿದ. "ಮೇಡಂ ಹೇಳಿದ್ದು ಸರಿ. ಬೆನ್ನಿಗೆ ಆಗುವುದಿಲ್ಲ."

ಗುರುಪುರದ ಕಡೆಯ ರಸ್ತೆ ಹಿಡಿದರು. ಹಿಂದೆ ಮಾತು ನಡೆದೇ ಇತ್ತು. ಅತ್ತಿಗೆಗೆ ಎಂತ ತಂದದ್ದು, ಯಾರಿಗೆ ಮಗು ಆಯಿತು, ಯಾರ ಹೊಸ ಮನೆಯ ಒಕ್ಕಲು ಯಾವಾಗ. ಲತೇಶ ಓಡಿಸಿದ. ಇಳಿಜಾರಿನಲ್ಲಿ ಎರಡನೆಯ ಗೇರಿಗೆ ಇಳಿಸಿ, ಬ್ರೇಕು ಮುಟ್ಟದೆ ತಿರುವು ತೆಗೆದುಕೊಂಡು, ಮತ್ತೆ ಮೂರಕ್ಕೆ ಏರಿಸಿದಾಗ ಎಂಜಿನ್ ತುಂಬುಕೊರಳಿನಿಂದ ಏರಿತು. ಬಹಳ ದಿನಗಳ ನಂತರ ಅಂಗೈಗೆ ರಸ್ತೆ ತಿಳಿಯಿತು. ಅವನು ಕನ್ನಡಿಯಲ್ಲಿ ಬೋಜನನ್ನು ನೋಡಿದ. ಬೋಜ ಮಗಳ ಫೋನಿನಲ್ಲಿದ್ದ ಫೋಟೋಗಳನ್ನು ನೋಡುತ್ತಿದ್ದ.

ಮನೆಯ ಮುಂದೆ ಲಗೇಜು ಇಳಿಸಿದ ಮೇಲೆ ಪ್ರಣೀತಾ ಪರ್ಸು ತೆಗೆದಳು. "ಅಣ್ಣ, ಎಷ್ಟಾಯ್ತು?"

"ಹೇ, ಅವರು ಬಾಡಿಗೆಯವರಲ್ಲ," ಎಂದ ಬೋಜ ಗಲಿಬಿಲಿಯಿಂದ.

"ಮತ್ತೆ ಯಾರು?"

ಬೋಜ ಬಾಯಿ ತೆರೆದ. ಗೆಳೆಯ ಎನ್ನಲಾಗಲಿಲ್ಲ, ನೆಂಟ ಎನ್ನಲಾಗಲಿಲ್ಲ. ಉತ್ತರಕ್ಕಾಗಿ ಲತೇಶನೂ ಕಾದ.

"ಅವರು... ಈ ಗಾಡಿಯವರು," ಎಂದ ಕೊನೆಗೆ.

ಪ್ರಣೀತಾ ನಾಚಿ ಪರ್ಸು ಮುಚ್ಚಿದಳು. ಒಳಗೆ ಬನ್ನಿ, ಚಹಾ ಕುಡಿದು ಹೋಗಿ ಎಂದು ಇಬ್ಬರೂ ಒತ್ತಾಯಿಸಿದರು. ಆ ಒತ್ತಾಯ ನಿಜವಾದದ್ದೇ ಆಗಿತ್ತು. ಆದರೆ ಬಾಗಿಲಲ್ಲಿ ಆಗಲೇ ನೆರೆಮನೆಯವರೂ ಮಕ್ಕಳೂ ನೆರೆದಿದ್ದರು, ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ ಲತೇಶ ಕಾರು ಹತ್ತಿದ.

ತೊಕ್ಕೊಟ್ಟಿಗೆ ಹೋಗಲು ಎಡಕ್ಕೆ ತಿರುಗಬೇಕಿತ್ತು. ಅವನು ಬಲಕ್ಕೆ ತಿರುಗಿ ಮೂಡುಬಿದಿರೆಯ ದಾರಿ ಹಿಡಿದ. ಪೆಟ್ರೋಲ್ ಅರ್ಧ ಟ್ಯಾಂಕ್ ಇತ್ತು. ಕೈಕಂಬ ದಾಟಿದ ಮೇಲೆ ಗಾಡಿಗಳು ವಿರಳವಾದವು. ತೃಪ್ತಿಗೆ ಫೋನು ಮಾಡಿ, ಊಟ ಇಡುವುದು ಬೇಡ, ಬರುವಾಗ ತಡವಾಗುತ್ತದೆ ಎಂದ.

"ಎಲ್ಲಿದ್ದೀರಿ ಭಾವ?"

"ಹೀಗೇ, ಡ್ರೈವಿಂಗ್‌ನಲ್ಲಿ."

"ಯಾರೊಟ್ಟಿಗೆ?"

"ಒಬ್ಬನೇ," ಎಂದು ಹೇಳಿ, ಫೋನನ್ನು ಪಕ್ಕದ ಸೀಟಿನ ಮೇಲಿಟ್ಟು, ಕಿಟಕಿಯ ಗಾಜು ಇಳಿಸಿ ಮುಂದಿನ ಏರಿಗೆ ಗೇರು ಬದಲಿಸಿದ.